ಉಲ್ಕಾಶಿಲೆಗೂ ಒಂದು ಪಹಣಿ: ಮನೆಯ ಸಂಗ್ರಹಕ್ಕೆ ನಂಬರ್, ಚೀಟಿ, ರಿಜಿಸ್ಟರ್ ಮಾಡುವ ಬಗೆ

ಆಟಿ ತಿಂಗಳಲ್ಲಿ ಮಡಿಕೇರಿಯಲ್ಲಿ ಬಿಸಿಲು ಬಂತು ಅಂದರೆ ಮನೆಮಂದಿಯೆಲ್ಲ ಏನಾದರೊಂದನ್ನು ಅಂಗಳಕ್ಕೆ ತಂದು ಹಾಕುತ್ತಾರೆ. ಒಬ್ಬರು ಕಂಬಳಿ, ಒಬ್ಬರು ಹಪ್ಪಳ. ನಾನು ಒಂದು ವರ್ಷ ನನ್ನ ಐದು ಉಲ್ಕಾಶಿಲೆಗಳನ್ನು ಮೊರದಲ್ಲಿ ಹರವಿ ಇಟ್ಟೆ. ಅವುಗಳ ಚೀಟಿಗಳಿಗೂ ಬೂಷ್ಟು ಹಿಡಿದಿತ್ತು. ಅವನ್ನೂ ಪಕ್ಕದಲ್ಲಿ ಸಾಲಾಗಿ ಇಟ್ಟು ಪೇಟೆಗೆ ಹೋದೆ. ಅರ್ಧ ಗಂಟೆಯಲ್ಲಿ ಮಳೆ. ಚಿಕ್ಕಮ್ಮ ಓಡಿ ಬಂದು ಮೊರ ಎತ್ತಿಕೊಂಡು ಒಳಗೆ ತಂದರು. ಕಲ್ಲುಗಳನ್ನು ಒಂದು ಕಾಫಿಪುಡಿ ಡಬ್ಬಿಗೆ ಹಾಕಿದರು. ಚೀಟಿಗಳನ್ನು ಒಲೆಯ ಪಕ್ಕ ಒಣಗಿಸಿದರು. ಕಲ್ಲೂ ಉಳಿಯಿತು, ಚೀಟಿಯೂ ಉಳಿಯಿತು. ಯಾವ ಚೀಟಿ ಯಾವ ಕಲ್ಲಿನದು ಅನ್ನುವುದು ಮಾತ್ರ ಹೋಯಿತು.

ಮೂರನ್ನು ನೋಡಿದ ಕೂಡಲೇ ಹೇಳಬಹುದಿತ್ತು. ರಷ್ಯಾದಲ್ಲಿ ಬಿದ್ದ ಸಿಖೋಟೆ-ಅಲೀನ್ ಪೂರ್ತಿ ಕಬ್ಬಿಣ, ಕೈಯಲ್ಲಿ ಹಿಡಿದರೆ ಸಾಕು. ಮೆಕ್ಸಿಕೋದಲ್ಲಿ ಬಿದ್ದ ಅಯೆಂದೆ ಬೂದು-ಕಪ್ಪು, ಒಳಗೆ ಅಕ್ಕಿನುಚ್ಚಿನಂಥ ಬಿಳಿ ಚುಕ್ಕೆ. ಮೂರನೆಯದು ಸಹಾರಾದಿಂದ ಬಂದ ಎನ್‌ಡಬ್ಲ್ಯೂಎ 869ರ ಕೊಯ್ದ ಹೋಳು. ಉಳಿದ ಎರಡು ಕಂದು ಬಣ್ಣದ ಒಡೆದ ತುಂಡುಗಳು, ಎರಡೂ ಎಚ್5 ಜಾತಿ (ಈ ಅಕ್ಷರಗಳ ಅರ್ಥ ಮುಂದೆ ಹೇಳುತ್ತೇನೆ), ಒಂದರ ಹಾಗೆ ಇನ್ನೊಂದು. ತೂಕದಿಂದ ಹಿಡಿಯೋಣ ಅಂತ ಹಳೇ ಬಿಲ್ ತೆಗೆದೆ. ಮಾರಿದವರು ಎರಡಕ್ಕೂ ‘22 ಗ್ರಾಂ’ ಅಂತ ಬರೆದಿದ್ದರು. ನನ್ನ ತಕ್ಕಡಿಯಲ್ಲಿ ಒಂದು 21.64, ಇನ್ನೊಂದು 22.31. ಯಾವುದು ಯಾವುದು? ಇವತ್ತಿಗೂ ಗೊತ್ತಿಲ್ಲ.

ಲ್ಯಾಬಿಗೆ ಕೊಟ್ಟರೆ ‘ಇದು ಎಚ್5’ ಅಂತ ಹೇಳುತ್ತಾರೆ. ಯಾವ ಊರಲ್ಲಿ, ಯಾವ ದಿನ ಬಿತ್ತು ಅಂತ ಕಲ್ಲನ್ನು ನೋಡಿ ಯಾರೂ ಹೇಳಲಾರರು. ಪಹಣಿ ಇಲ್ಲದ ಜಾಗ ಇದ್ದ ಹಾಗೆ ಅದು. ಮಣ್ಣು ಅಲ್ಲೇ ಇರುತ್ತದೆ, ನಿಮ್ಮದು ಅಂತ ತೋರಿಸಲು ಆಗುವುದಿಲ್ಲ. ಆಮೇಲೆ ನಾನು ಮಾಡಿಕೊಂಡ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸಂಗ್ರಹ ಮೂರು ಕಲ್ಲಿನದಾದರೂ ಮುನ್ನೂರರದಾದರೂ ಕೆಲಸ ಒಂದೇ.

ಯಾವಾಗ ಕೂರಬೇಕು, ಏನೇನು ಬೇಕು

ಕೊಡಗಿನಲ್ಲಿ ಈ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ. ತೋಟದವರಿಗೆ ಅದೇ ಕಾಫಿ ಕುಯ್ಲಿನ ಗಡಿಬಿಡಿ, ಗೊತ್ತು. ಆದರೆ ಮಳೆಗಾಲದಲ್ಲಿ ಕಲ್ಲಿನ ಮೇಲೆ ನಂಬರ್ ಬರೆಯುವುದು ಆಗದ ಮಾತು. ಯಾಕೆ ಅಂತ ಮುಂದೆ ಹೇಳುತ್ತೇನೆ. ದಿನಕ್ಕೆ ಒಂದು ಗಂಟೆ, ನಾಲ್ಕೋ ಐದೋ ಕಲ್ಲು. ಅಷ್ಟು ಸಾಕು.

ಮೊದಲು ಬೇಕಾದ್ದು ತಕ್ಕಡಿ. ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಆಗಬೇಕು. ಕರಿಮೆಣಸು ತೂಗುವ ತಕ್ಕಡಿ ಇದಕ್ಕೆ ಬರುವುದಿಲ್ಲ. ಜತೆಗೆ ಅದನ್ನು ಸರಿನೋಡಲು 100 ಗ್ರಾಮಿನ ಒಂದು ತೂಕದ ಬಟ್ಟು ತೆಗೆದುಕೊಳ್ಳಿ. ಗಟ್ಟಿ ಬೈಂಡಿನ ಒಂದು ಲಾಂಗ್ ಬುಕ್. ಆಸಿಡ್ ಇಲ್ಲದ ದಪ್ಪ ಕಾಗದ, ಚಿತ್ರಕಲೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಪಿಗ್ಮೆಂಟ್ ಇಂಕಿನ ಸಣ್ಣ ಮೊನೆಯ ಪೆನ್ನು, ಒಂದು ಪೆನ್ಸಿಲ್. ನೈಟ್ರೈಲ್ ಕೈಗವಸು. ಜಿಪ್ ಇರುವ ಪಾಲಿಥಿನ್ ಕವರು, ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್.

ಬೇಡದ್ದರ ಪಟ್ಟಿಯೂ ಇದೆ. ಹತ್ತಿ ಬೇಡ, ಅದು ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಸೆಲೋಟೇಪ್ ಬೇಡ, ಎರಡು ಮಳೆಗಾಲಕ್ಕೆ ಅಂಟು ಹಳದಿಯಾಗಿ ಸೋರುತ್ತದೆ. ಜೆಲ್ ಪೆನ್, ಫೌಂಟನ್ ಪೆನ್ ಬೇಡ. ಇಂಕ್‌ಜೆಟ್ ಪ್ರಿಂಟ್ ಬೇಡವೇ ಬೇಡ, ಥಂಡಿಗೆ ಅಕ್ಷರ ಕದಡುತ್ತದೆ. ಲೇಸರ್ ಪ್ರಿಂಟ್ ಆದೀತು. ಚಂದ ಕಾಣುತ್ತದೆ ಅಂತ ಹೊಸ ಮರದ ಪೆಟ್ಟಿಗೆ ಮಾಡಿಸಲು ಹೋಗಬೇಡಿ. ಮರದಿಂದ ಬರುವ ಆಸಿಡ್ ಆವಿ ಕಬ್ಬಿಣಕ್ಕೆ ಒಳ್ಳೆಯದಲ್ಲ, ಗೆದ್ದಲಿನ ಮಾತು ಬೇರೆ.

ಮೊದಲು ರಿಜಿಸ್ಟರ್, ಆಮೇಲೆ ಕಲ್ಲು

ಎಲ್ಲರೂ ಚಂದದ ಚೀಟಿ ಬರೆಯುವುದರಿಂದ ಶುರು ಮಾಡುತ್ತಾರೆ. ನಾನೂ ಮಾಡಿದ್ದೆ. ಅದು ತಲೆಕೆಳಗು. ಚೀಟಿ ಕಳೆಯಬಹುದು, ಡಬ್ಬಿ ಬದಲಾಗಬಹುದು. ರಿಜಿಸ್ಟರಿನ ಸಾಲು ಮಾತ್ರ ಅಲ್ಲೇ ಇರಬೇಕು.

ನಂಬರ್ ಸರಳವಾಗಿರಲಿ: 001, 002, 003. ಜಾತಿಯನ್ನೋ ದೇಶವನ್ನೋ ನಂಬರಿನೊಳಗೆ ತುರುಕಬೇಡಿ. ಇವತ್ತು ಎಲ್5 ಅಂತ ಬರೆದದ್ದು ನಾಳೆ ಬೇರೆ ಪರೀಕ್ಷೆಯಲ್ಲಿ ಎಲ್6 ಆಗಬಹುದು. ಆಗ ನಂಬರೇ ಸುಳ್ಳಾಗುತ್ತದೆ. ಒಂದು ಕಲ್ಲನ್ನು ಕೊಯ್ದರೆ ಚುಕ್ಕೆ ಹಾಕಿ ಮುಂದುವರಿಸಿ: 014.1, 014.2. ಮಾರಿದ ಅಥವಾ ಕೊಟ್ಟ ಕಲ್ಲಿನ ನಂಬರನ್ನು ಮತ್ತೊಂದಕ್ಕೆ ಕೊಡಬಾರದು.

ಒಂದು ಕಲ್ಲಿಗೆ ಒಂದು ಪುಟ ಬಿಡಿ. ಜಿಪುಣತನ ಬೇಡ. ಮೇಲೆ ನಂಬರ್ ಮತ್ತು ಹೆಸರು. ಕೆಳಗೆ ಜಾತಿ, ಬಿದ್ದದ್ದೋ ಸಿಕ್ಕಿದ್ದೋ, ದಿನಾಂಕ, ಊರು, ದೇಶ. ಆಮೇಲೆ ನಿಮ್ಮ ತುಂಡಿನ ವಿವರ: ತೂಕ, ಉದ್ದ-ಅಗಲ-ದಪ್ಪ, ಇಡೀ ಕಲ್ಲೋ ಒಡೆದ ತುಂಡೋ ಹೋಳೋ ತುದಿ ಹೋಳೋ. ಯಾರಿಂದ ಬಂತು, ಯಾವತ್ತು ಬಂತು, ಎಷ್ಟು ಕೊಟ್ಟಿರಿ. ಅವರಿಗೆ ಯಾರಿಂದ ಬಂದಿತ್ತು ಅಂತ ಗೊತ್ತಿದ್ದರೆ ಅದೂ ಬೇಕು. ಪುಟದ ಅರ್ಧ ಭಾಗ ಖಾಲಿ ಇರಲಿ, ಮುಂದಿನ ವರ್ಷಗಳ ತೂಕ, ತುಕ್ಕು, ರಿಪೇರಿ ಬರೆಯಲು.

ತಪ್ಪು ಬರೆದರೆ ವೈಟ್ನರ್ ಹಾಕಬೇಡಿ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ್ದು ಬರೆದು, ತಾರೀಕು ಹಾಕಿ. ಮೊದಲು ಏನು ತಿಳಿದಿದ್ದಿರಿ ಅನ್ನುವುದೂ ಒಂದು ದಾಖಲೆಯೇ ಅಲ್ವಾ.

ಹೆಸರಿನಲ್ಲಿ ಎಡವುವುದು ಜಾಸ್ತಿ

ಉಲ್ಕಾಶಿಲೆಗೆ ಅಧಿಕೃತ ಹೆಸರು ಕೊಡುವುದು ಮೀಟಿಯೊರಿಟಿಕಲ್ ಸೊಸೈಟಿಯ ಒಂದು ಸಮಿತಿ. ಸಾಮಾನ್ಯವಾಗಿ ಬಿದ್ದ ಅಥವಾ ಸಿಕ್ಕಿದ ಜಾಗದ ಹೆಸರನ್ನೇ ಇಡುತ್ತಾರೆ. ಆ ಹೆಸರುಗಳೆಲ್ಲ ಮೀಟಿಯೊರಿಟಿಕಲ್ ಬುಲೆಟಿನ್ ಡೇಟಾಬೇಸಿನಲ್ಲಿವೆ. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಪ್ರತಿ ಕಲ್ಲನ್ನೂ ಅಲ್ಲಿ ಹುಡುಕಿ, ಅಲ್ಲಿರುವ ಕಾಗುಣಿತವನ್ನೇ ಬರೆಯಿರಿ.

ನಮ್ಮ ಕಡೆಯದೇ ಉದಾಹರಣೆ ನೋಡಿ. 1866ರಲ್ಲಿ ಉಡುಪಿಯ ಬಳಿ ಒಂದು ಕಲ್ಲು ಬಿತ್ತು, ಎಚ್5 ಜಾತಿಯದು. ಅಧಿಕೃತ ಹೆಸರು ‘ಉಡಿಪಿ’. ಇಂಗ್ಲಿಷ್ ಅಕ್ಷರದಲ್ಲಿ ಯು, ಡಿ, ಐ, ಪಿ, ಐ. ಅದಕ್ಕೆ ಹಿಂದಿನ ವರ್ಷ ಹಳೇ ಮೈಸೂರಿನ ಕಡೆ ಬಿದ್ದ ಇನ್ನೊಂದು ಕಲ್ಲಿನ ಹೆಸರನ್ನು ಬ್ರಿಟಿಷರು ‘ಮುಡ್ಡೂರ್’ ಅಂತ ಬರೆದರು. ಅದೇ 1865ರ ಆಗಸ್ಟ್ 25ರಂದು ಬಿಹಾರದಲ್ಲಿ ಬಿದ್ದದ್ದು ಶೆರ್ಗೊಟ್ಟಿ. ಮಂಗಳ ಗ್ರಹದಿಂದ ಬಂದ ಒಂದು ಬಗೆಯ ಕಲ್ಲುಗಳಿಗೆಲ್ಲ ಇವತ್ತು ಶೆರ್ಗೊಟೈಟ್ ಅನ್ನುವುದು ಇದರಿಂದಲೇ. ಆ ಊರನ್ನು ಅಲ್ಲಿಯ ಜನ ಶೇರ್‌ಘಾಟಿ ಅನ್ನುತ್ತಾರೆ. ಊರಿನ ಹೆಸರು ನಮಗೆ ಸರಿಯಾಗಿ ಗೊತ್ತು ಅಂತ ಚೀಟಿಯಲ್ಲಿ ತಿದ್ದಿದರೆ ಮುಂದೆ ಹುಡುಕುವವರಿಗೆ ಕಲ್ಲು ಸಿಗುವುದಿಲ್ಲ. ಹಾಗಾಗಿ ಮೇಲಿನ ಸಾಲಿನಲ್ಲಿ ಅಧಿಕೃತ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಕೆಳಗೆ ಕನ್ನಡದಲ್ಲಿ ಹೆಸರು ಮತ್ತು ಈಗಿನ ಊರು. ನನ್ನ ಚೀಟಿಗಳೆಲ್ಲ ಹಾಗೇ ಇವೆ.

ಸಹಾರಾದ ಕಲ್ಲುಗಳದು ಬೇರೆ ಕಥೆ. ಅಲ್ಲಿ ಅಲೆಮಾರಿಗಳು ಆರಿಸಿ ತಂದದ್ದು ಮೊರಾಕೋದ ಪೇಟೆಯಲ್ಲಿ ಕೈ ಬದಲಾಗುತ್ತದೆ. ಸಿಕ್ಕಿದ ಜಾಗ ಹೆಚ್ಚಾಗಿ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ‘ನಾರ್ತ್‌ವೆಸ್ಟ್ ಆಫ್ರಿಕಾ’ ಅಂತ ಹೇಳಿ ಒಂದು ನಂಬರ್ ಕೊಡುತ್ತಾರೆ. ಎನ್‌ಡಬ್ಲ್ಯೂಎ 869 ಅಂಥದ್ದು, ಎಲ್3-6, ಸುಲಭವಾಗಿ ಸಿಗುವ ಕಲ್ಲು. ಪರೀಕ್ಷೆಯೇ ಆಗದ ಕಲ್ಲಿಗೆ ನಂಬರ್ ಇರುವುದಿಲ್ಲ. ಅದರ ಚೀಟಿಯಲ್ಲಿ ‘ಎನ್‌ಡಬ್ಲ್ಯೂಎ, ಪರೀಕ್ಷೆ ಆಗಿಲ್ಲ’ ಅಂತ ಮಾತ್ರ ಬರೆಯಿರಿ. ‘ನೋಡಿದರೆ ಎಲ್6 ಥರ ಇದೆ’ ಅನ್ನುವುದು ನಿಮ್ಮ ಊಹೆ. ಅದನ್ನು ರಿಜಿಸ್ಟರಿನಲ್ಲಿ ಪೆನ್ಸಿಲಿನಲ್ಲಿ ಬರೆದುಕೊಳ್ಳಿ, ಚೀಟಿಗೆ ತರಬೇಡಿ. ಮಾರುವವರು ಕೆಲವೊಮ್ಮೆ ‘ಇದು ಆ ನಂಬರಿನ ಕಲ್ಲಿನ ಜೋಡಿ’ ಅನ್ನುತ್ತಾರೆ. ಇರಬಹುದು. ‘ಜೋಡಿ ಎಂದು ಮಾರಿದವರ ಮಾತು’ ಅಂತಲೇ ಬರೆಯಿರಿ, ಆ ನಂಬರನ್ನು ಕೊಡಬೇಡಿ. ಇಂಥ ಕಡೆ ಸ್ವಲ್ಪ ಬಿಗಿಯಾಗಿರದಿದ್ದರೆ ಹತ್ತು ವರ್ಷದಲ್ಲಿ ಊಹೆ ಯಾವುದು, ನಿಜ ಯಾವುದು ಅಂತ ನಿಮಗೇ ಗೊತ್ತಾಗುವುದಿಲ್ಲ.

ಜಾತಿ ಬರೆಯುವಾಗ ಅಕ್ಷರಗಳ ಅರ್ಥ ಗೊತ್ತಿದ್ದರೆ ತಪ್ಪು ಕಡಿಮೆ. ಒಳಗೆ ಗುಂಡು ಕಾಳುಗಳಿರುವ ಸಾಮಾನ್ಯ ಕಾಂಡ್ರೈಟ್‌ಗಳಲ್ಲಿ ಎಚ್ ಅಂದರೆ ಕಬ್ಬಿಣ ಜಾಸ್ತಿ, ಎಲ್ ಅಂದರೆ ಕಡಿಮೆ, ಎಲ್‌ಎಲ್ ಇನ್ನೂ ಕಡಿಮೆ. ಪಕ್ಕದ ಅಂಕಿ 3ರಿಂದ 6ಕ್ಕೆ ಏರಿದಷ್ಟೂ ಕಲ್ಲು ತನ್ನ ತಾಯಿಗ್ರಹದೊಳಗೆ ಜಾಸ್ತಿ ಬೆಂದಿದೆ, ಒಳಗಿನ ಗುಂಡು ಕಾಳುಗಳು ಅಳಿಸುತ್ತಾ ಬಂದಿವೆ ಅಂತ ಅರ್ಥ. ಎಸ್ ಜತೆಗಿನ ಅಂಕಿ ಹೊಡೆತ ತಿಂದ ಲೆಕ್ಕ. ಡಬ್ಲ್ಯೂ ಜತೆಗಿನದು ಭೂಮಿಗೆ ಬಂದ ಮೇಲೆ ಎಷ್ಟು ತುಕ್ಕು ಹಿಡಿದಿದೆ ಅನ್ನುವ ಲೆಕ್ಕ. ಇವು ಪ್ರಕಟವಾಗಿದ್ದರೆ ಬರೆಯಿರಿ, ಇಲ್ಲದಿದ್ದರೆ ಬಿಡಿ.

ತೂಕ, ಅಳತೆ, ಫೋಟೋ

ತಕ್ಕಡಿಯನ್ನು ಫ್ಯಾನಿಲ್ಲದ ಕಡೆ ಇಡಿ. ತೂಕದ ಬಟ್ಟು ಇಟ್ಟು ಸರಿ ಇದೆಯೇ ನೋಡಿ. ಕಲ್ಲನ್ನು ಮೂರು ಸಲ ತೂಗಿ, ಮೂರೂ ಒಂದೇ ಬಂದರೆ ಬರೆಯಿರಿ. ಪಾಯಿಂಟ್ ಆದ ಮೇಲಿನ ಎರಡು ಅಂಕಿಯನ್ನೂ ಬರೆಯಬೇಕು. ನನ್ನ ಎರಡು ಕಲ್ಲುಗಳ ಗತಿ ನೋಡಿದಿರಲ್ಲ. ಮಾರಿದವರು 21.64, 22.31 ಅಂತ ಬರೆದಿದ್ದರೆ ಈ ಲೇಖನಕ್ಕೆ ಬೇರೆ ಕಥೆ ಹುಡುಕಬೇಕಾಗಿತ್ತು.

ಹಳೇ ಚೀಟಿಯ ತೂಕಕ್ಕೂ ನಿಮ್ಮ ತೂಕಕ್ಕೂ ವ್ಯತ್ಯಾಸ ಬಂದರೆ ಎರಡನ್ನೂ ಬರೆಯಿರಿ, ಒಂದನ್ನು ಅಳಿಸಬೇಡಿ. ಕಬ್ಬಿಣ ತುಕ್ಕು ಹಿಡಿದರೆ ಮೊದಲು ತೂಕ ಏರುತ್ತದೆ, ಗಾಳಿಯ ಆಮ್ಲಜನಕ ಸೇರುತ್ತದಲ್ಲ. ಆಮೇಲೆ ಹಕ್ಕಳೆ ಉದುರಿ ಇಳಿಯುತ್ತದೆ. ಉದುರಿದ ಚೂರನ್ನೂ ಅದೇ ನಂಬರ್ ಹಾಕಿ ಸಣ್ಣ ಕವರಿನಲ್ಲಿಡಿ. ಗ್ರಾಮುಗಟ್ಟಲೆ ವ್ಯತ್ಯಾಸ ಬಂದರೆ ಮಾತ್ರ ಯೋಚಿಸಬೇಕು. ಯಾರೋ ಒಂದು ಹೋಳು ಕೊಯ್ದಿರಬೇಕು, ಇಲ್ಲ ಇದು ಆ ಚೀಟಿಯ ಕಲ್ಲೇ ಅಲ್ಲ.

ಫೋಟೋಕ್ಕೆ ಮೊಬೈಲ್ ಸಾಕು. ಬೂದು ಬಣ್ಣದ ಕಾಗದ, ಕಿಟಕಿಯ ಬೆಳಕು, ಫ್ಲ್ಯಾಶ್ ಬೇಡ. ಪಕ್ಕದಲ್ಲಿ ಒಂದು ಸೆಂಟಿಮೀಟರಿನ ಘನ ಅಥವಾ ಸ್ಕೇಲು. ನಾಣ್ಯ ಇಡುವ ಅಭ್ಯಾಸ ಬಿಡಿ. ನಮ್ಮಲ್ಲಿ ಒಂದು ರೂಪಾಯಿಯ ಗಾತ್ರವೇ ಎಷ್ಟು ಸಲ ಬದಲಾಗಿದೆ. ಆರೂ ಕಡೆಯಿಂದ ತೆಗೆಯಿರಿ. ಹೋಳಾದರೆ ಎರಡೂ ಮುಖ, ಜತೆಗೆ ಅಂಚು. ಹೋಳಿನ ಒಳಗಿನ ಚುಕ್ಕೆ ಗೆರೆಗಳು ಬೆರಳಚ್ಚಿನ ಹಾಗೆ, ಎರಡು ಹೋಳು ಒಂದೇ ಥರ ಇರುವುದಿಲ್ಲ. ಪ್ರತಿ ಫೋಟೋದಲ್ಲೂ ನಂಬರ್ ಬರೆದ ತುಂಡು ಕಾಗದ ಕಾಣಲಿ. ಫೈಲಿನ ಹೆಸರೂ ಅದೇ ನಂಬರಿನಿಂದ ಶುರುವಾಗಲಿ.

ಕಲ್ಲಿನ ಮೇಲೆ ನಂಬರ್ ಬರೆಯುವುದು

ಅಮೆರಿಕದ ಹಾರ್ವಿ ನಿನಿಂಜರ್ ಕಳೆದ ಶತಮಾನದಲ್ಲಿ ಉಲ್ಕಾಶಿಲೆ ಹುಡುಕಿ ಕೂಡಿಡುವುದನ್ನೇ ಜೀವನದ ಕೆಲಸ ಮಾಡಿಕೊಂಡವರು. ತಮ್ಮ ಕಲ್ಲುಗಳ ಮೇಲೆ ಬಣ್ಣದಲ್ಲಿ ಪುಟ್ಟ ನಂಬರ್ ಬರೆಯುತ್ತಿದ್ದರು. ಸಂಗ್ರಹದ ಒಂದು ಭಾಗ 1958ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಯಿತು. ಉಳಿದ ಬಹುಪಾಲು 1960ರಲ್ಲಿ ಅರಿಜೋನ ಸ್ಟೇಟ್ ಯೂನಿವರ್ಸಿಟಿಗೆ ಹೋಯಿತು. ಇವತ್ತಿಗೂ ಆ ಕೈಬರಹದ ನಂಬರ್ ಇರುವ ಕಲ್ಲಿಗೆ ಬೆಲೆ ಜಾಸ್ತಿ. ಹಾಗಾಗಿ ನಿಮ್ಮ ಕೈಗೆ ಬಂದ ಕಲ್ಲಿನ ಮೇಲೆ ಯಾರದೋ ಹಳೇ ನಂಬರ್ ಇದ್ದರೆ ‘ಗಲೀಜು’ ಅಂತ ಕೆರೆಯಬೇಡಿ. ಅದರ ಫೋಟೋ ತೆಗೆದು ಪುಟದಲ್ಲಿ ಬರೆದುಕೊಳ್ಳಿ.

ನಿಮ್ಮದನ್ನು ಬರೆಯಲು ಮ್ಯೂಸಿಯಮ್ಮಿನವರು ಬಳಸುವ ದಾರಿ ಒಳ್ಳೆಯದು. ಪ್ಯಾರಲಾಯ್ಡ್ ಬಿ-72 ಅಂತ ಒಂದು ಪಾರದರ್ಶಕ ರಾಳ, ಕಲ್ಲುಸಕ್ಕರೆಯ ಹರಳಿನ ಹಾಗೆ ಇರುತ್ತದೆ. 25 ಮಿಲಿಲೀಟರ್ ಅಸಿಟೋನಿಗೆ 5 ಗ್ರಾಂ. ಹರಳುಗಳನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಗಾಜಿನ ಬಾಟಲಿಯೊಳಗೆ ಇಳಿಬಿಟ್ಟು, ಮುಚ್ಚಳ ಹಾಕಿ ರಾತ್ರಿ ಬಿಟ್ಟರೆ ಕರಗುತ್ತದೆ. ಸುಮ್ನೆ ಸುರಿದರೆ ತಳದಲ್ಲಿ ಮುದ್ದೆ ಕಟ್ಟುತ್ತದೆ. ಅಸಿಟೋನ್ ಬೇಗ ಹೊತ್ತಿಕೊಳ್ಳುವ ವಸ್ತು. ಒಲೆ, ದೀಪ, ಬೀಡಿ ಹತ್ತಿರ ಇರಬಾರದು. ಕಿಟಕಿ ತೆಗೆದಿರಲಿ. ನೇಲ್ ಪಾಲಿಶ್ ತೆಗೆಯುವ ದ್ರವದಲ್ಲಿ ಎಣ್ಣೆ, ಪರಿಮಳ ಎಲ್ಲ ಬೆರೆತಿರುತ್ತದೆ, ಅದು ಬೇಡ. ನೇಲ್ ಪಾಲಿಶ್ಶನ್ನೇ ಹಚ್ಚುವವರೂ ಇದ್ದಾರೆ. ಕೆಲವು ವರ್ಷಕ್ಕೆ ಹಳದಿಯಾಗಿ ಹಕ್ಕಳೆ ಏಳುತ್ತದೆ, ನಂಬರೂ ಜತೆಗೇ ಹೋಗುತ್ತದೆ.

ಜಾಗ ಆರಿಸುವುದು ಮುಖ್ಯ. ಗಾಳಿಯಲ್ಲಿ ಉರಿಯುತ್ತಾ ಬಂದಾಗ ಆದ ಕರಿ ಸಿಪ್ಪೆಯ ಮೇಲೆ, ಅದರಲ್ಲೂ ಕರಗಿ ಹರಿದ ಗೆರೆಗಳಿರುವ ಕಡೆ ಬೇಡ. ಆಸಿಡ್ ಹಾಕಿ, ಕಬ್ಬಿಣ-ನಿಕಲ್ ಹರಳುಗಳನ್ನು ತೋರಿಸುವ ವಿಡ್‌ಮನ್‌ಸ್ಟಾಟನ್ ಗೆರೆ ಎಬ್ಬಿಸಿದ ಕಬ್ಬಿಣದ ಮುಖವೂ ಬೇಡ. ನೋಡಲು ಏನೂ ಇಲ್ಲದ ಒಡೆದ ಬದಿಯಲ್ಲಿ, ಅಕ್ಕಿಕಾಳು ಎರಡು ಜೋಡಿಸಿದಷ್ಟು ಜಾಗ ಸಾಕು. ಅಲ್ಲಿ ರಾಳದ ಒಂದು ತೆಳು ಪದರ ಹಚ್ಚಿ ಪೂರ್ತಿ ಒಣಗಲು ಬಿಡಿ. ಕಪ್ಪು ಕಲ್ಲಾದರೆ ಅದರ ಮೇಲೆ ಬಿಳಿ ಅಕ್ರಿಲಿಕ್ ಬಣ್ಣದ ಒಂದು ಗೀಟು. ಒಣಗಿದ ಮೇಲೆ ಪಿಗ್ಮೆಂಟ್ ಪೆನ್ನಿನಲ್ಲಿ ನಂಬರ್. ಕೊನೆಗೆ ಮೇಲೊಂದು ಪದರ ರಾಳ, ಒಂದೇ ಎಳೆತದಲ್ಲಿ. ಹಿಂದೆ ಮುಂದೆ ಉಜ್ಜಿದರೆ ಕೆಳಗಿನ ಪದರವೂ ಕರಗಿ ಅಕ್ಷರ ಕಲೆಸಿಹೋಗುತ್ತದೆ. ನನ್ನ ಮೊದಲ 007 ನೋಡಲು ಜೇಡದ ಹಾಗೆ ಆಗಿತ್ತು. ಅಸಿಟೋನ್ ಅದ್ದಿದ ಕಡ್ಡಿಯಲ್ಲಿ ಒರೆಸಿದೆ, ಹೋಯಿತು. ಮುಂದೆ ಯಾರಿಗಾದರೂ ನಿಮ್ಮ ನಂಬರ್ ಬೇಡವಾದರೆ ಇಷ್ಟೇ ಸುಲಭವಾಗಿ ತೆಗೆಯಬಹುದು. ಈ ದಾರಿ ಹಿಡಿಯುವುದೇ ಅದಕ್ಕೆ.

ಮಳೆಗಾಲದಲ್ಲಿ ಬೇಡ ಅಂದೆನಲ್ಲ. ಅಸಿಟೋನ್ ಸರ್ರನೆ ಆರುವಾಗ ಆ ಜಾಗ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲಿ ಇಬ್ಬನಿಯ ಹಾಗೆ ಕೂತು ರಾಳ ಹಾಲಿನ ಹಾಗೆ ಬಿಳಿಚಿಕೊಳ್ಳುತ್ತದೆ. ಜುಲೈನಲ್ಲಿ ನಾನು ಮಾಡಿದ ಮೂರೂ ಹೀಗೇ ಆದವು, ಜನವರಿಯಲ್ಲಿ ಗಾಜಿನ ಹಾಗೆ ನಿಂತವು. ಮೊದಲು ಅಂಗಳದ ಮುರಕಲ್ಲಿನ ಚೂರಿನ ಮೇಲೆ ಹತ್ತು ಸಲ ಕೈ ಪಳಗಿಸಿಕೊಳ್ಳಿ.

ಎಲ್ಲ ಕಲ್ಲಿಗೂ ಬರೆಯಲೇಬೇಕು ಅಂತಿಲ್ಲ. ಐದು ಗ್ರಾಮಿಗಿಂತ ಸಣ್ಣದಕ್ಕೆ, ಚಂದ್ರನ ಅಥವಾ ಮಂಗಳದ ತೆಳು ಹೋಳಿಗೆ, ಅಯೆಂದೆಯಂಥ ಇಂಗಾಲದ ಜಾತಿಯ ಕಲ್ಲಿಗೆ ಏನನ್ನೂ ಹಚ್ಚಬೇಡಿ. ಅವುಗಳ ಡಬ್ಬಿಗೆ ನಂಬರ್, ಡಬ್ಬಿಯೊಳಗೂ ಒಂದು ನಂಬರ್. ಮುಚ್ಚಳದ ಮೇಲೆ ಮಾತ್ರ ಬರೆದರೆ ಆಗಲಿಲ್ಲ. ಎರಡು ಡಬ್ಬಿ ಒಟ್ಟಿಗೆ ತೆರೆದ ದಿನ ಮುಚ್ಚಳ ಅದಲುಬದಲಾಗುತ್ತದೆ.

ಚೀಟಿ

ಚೀಟಿ ಸಣ್ಣದಿರಲಿ, ವಿಸಿಟಿಂಗ್ ಕಾರ್ಡಿನ ಅರ್ಧ. ಎಲ್ಲವನ್ನೂ ತುಂಬಬೇಡಿ, ಅದಕ್ಕೆ ರಿಜಿಸ್ಟರ್ ಇದೆ. ನನ್ನದೊಂದು ಹೀಗಿದೆ:

ನಂ. 003
ಸಿಖೋಟೆ-ಅಲೀನ್
ಕಬ್ಬಿಣ, ಐಐಎಬಿ
ಬಿದ್ದದ್ದು: 12 ಫೆಬ್ರವರಿ 1947
ಪ್ರಿಮೋರ್ಯೆ, ರಷ್ಯಾ
ಸಿಡಿದ ಚೂರು, 46.38 ಗ್ರಾಂ

ಐಐಎಬಿ ಅನ್ನುವುದು ಕಬ್ಬಿಣದ ಉಲ್ಕಾಶಿಲೆಗಳ ಒಂದು ಗುಂಪು. ‘ಸಿಡಿದ ಚೂರು’ ಅನ್ನುವ ಮಾತು ಸುಮ್ನೆ ಬರೆದದ್ದಲ್ಲ. ಸಿಖೋಟೆ-ಅಲೀನ್‌ನಲ್ಲಿ ಎರಡು ಬಗೆ ಸಿಗುತ್ತದೆ. ಆಕಾಶದಲ್ಲೇ ಬಿಡಿಯಾಗಿ, ಕರಗುತ್ತಾ ಬಂದು, ಹೆಬ್ಬೆಟ್ಟು ಒತ್ತಿದ ಹಾಗೆ ಗುಳಿ ಬಿದ್ದವು ಒಂದು ಬಗೆ. ಸ್ಫೋಟಕ್ಕೆ ಹರಿದು ಬಾಂಬಿನ ಚೂರಿನ ಹಾಗೆ ತಿರುಚಿಕೊಂಡವು ಇನ್ನೊಂದು. ಬೆಲೆಯೂ ಬೇರೆ, ಹೇಳುವ ಕಥೆಯೂ ಬೇರೆ. ‘ಬಿದ್ದದ್ದು’, ‘ಸಿಕ್ಕಿದ್ದು’ ಅನ್ನುವ ವ್ಯತ್ಯಾಸವೂ ಹಾಗೆಯೇ. ಬೀಳುವುದನ್ನು ಜನ ಕಂಡು ಎತ್ತಿಕೊಂಡರೆ ಬಿದ್ದದ್ದು, ದಿನಾಂಕ ಇರುತ್ತದೆ. 2013ರ ಫೆಬ್ರವರಿ 15ರ ಚೆಲ್ಯಾಬಿನ್ಸ್ಕ್ ಅಂಥದ್ದು. ನಮಗೆ ಹತ್ತಿರದ್ದು ಅಂದರೆ ಹೊಸೂರಿನ ಆಚೆ 2008ರ ಸೆಪ್ಟೆಂಬರ್ 12ರಂದು ಬಿದ್ದ ಸೂಳಗಿರಿ. ಅರ್ಜೆಂಟೀನಾದ ಕಾಂಪೋ ದೆಲ್ ಸಿಯೆಲೋ ಬಿದ್ದು ಸಾವಿರಾರು ವರ್ಷವಾಗಿದೆ. ಅದು ಸಿಕ್ಕಿದ್ದು.

ಕಾಂಪೋ ಅಂದಾಗ ಇನ್ನೊಂದು ನೆನಪಾಯಿತು. ಅರ್ಜೆಂಟೀನಾ 2007ರಲ್ಲಿ ಕಾನೂನು ಮಾಡಿ ಉಲ್ಕಾಶಿಲೆಗಳನ್ನು ದೇಶದ ಸಾಂಸ್ಕೃತಿಕ ಆಸ್ತಿಯ ಸಾಲಿಗೆ ಸೇರಿಸಿತು. ಅದಕ್ಕೆ ಮೊದಲೇ ಹೊರಗೆ ಬಂದ ತುಂಡು ಅಂತ ತೋರಿಸುವ ಹಳೇ ಬಿಲ್ ನಿಮ್ಮಲ್ಲಿದ್ದರೆ ಅದನ್ನು ಬಂಗಾರದ ಹಾಗೆ ಕಾಪಾಡಿ. ಕೊರಿಯರ್ ಕವರು, ಕಸ್ಟಮ್ಸ್ ಕಾಗದ, ಮಾರಿದವರ ಜತೆಗಿನ ಪತ್ರಗಳ ಪ್ರಿಂಟ್, ಎಲ್ಲವೂ ಆ ನಂಬರಿನ ಫೈಲಿಗೆ.

ಹಳೇ ಚೀಟಿಗಳ ವಿಷಯದಲ್ಲಿ ನನ್ನದು ಹಠ. ಹಿಂದಿನವರ ಚೀಟಿ ಎಷ್ಟೇ ಕೊಳೆಯಾಗಿರಲಿ, ತಪ್ಪೇ ಇರಲಿ, ಎಸೆಯಬಾರದು, ತಿದ್ದಬಾರದು. ಹಿಂದೆ ಪೆನ್ಸಿಲಿನಲ್ಲಿ ನಿಮ್ಮ ನಂಬರ್ ಸಣ್ಣದಾಗಿ ಬರೆದು ಪಾಲಿಥಿನ್ ಕವರಿನಲ್ಲಿಡಿ. ಜಮೀನಿನ ಮೂಲಪತ್ರಗಳನ್ನು ಒಂದರ ಹಿಂದೊಂದು ಇಟ್ಟುಕೊಳ್ಳುವ ಹಾಗೆ. ಚೀಟಿಯನ್ನು ಕಲ್ಲಿಗೆ ತಾಗಿಸಿ ಇಡುವುದು ಮಾತ್ರ ಬೇಡ. ಕಬ್ಬಿಣದ ತುಕ್ಕು ಕಾಗದಕ್ಕೆ ಇಳಿಯುತ್ತದೆ, ಕಾಗದದ ತೇವ ಕಬ್ಬಿಣಕ್ಕೆ ಏರುತ್ತದೆ.

ಮಳೆಗಾಲದ ಪುಟ

ಹೊರದೇಶದ ಸಂಗ್ರಹಕಾರರು ಬರೆದದ್ದನ್ನು ಓದಿ ಹಾಗೇ ಮಾಡಿದರೆ ಕೊಡಗಿನಲ್ಲಿ ನಡೆಯುವುದಿಲ್ಲ. ಇಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಬರುತ್ತದೆ. ಕಬ್ಬಿಣದ ಉಲ್ಕಾಶಿಲೆಯ ಬಿರುಕಿನೊಳಗೆ ಕ್ಲೋರೈಡ್ ಹೊಕ್ಕಿದ್ದರೆ ಈ ತೇವಕ್ಕೆ ಒಳಗಿನಿಂದಲೇ ತುಕ್ಕು ಏಳುತ್ತದೆ, ಕಂದು ಬೆವರಿನ ಹನಿ ಕಾಣಿಸುತ್ತದೆ. ಕೊಡವರ ಆಯುಧ ಹಬ್ಬ ಕೈಲ್ ಪೊಳ್ದಿಗೆ ಕೋವಿ ಒರೆಸಿ ಎಣ್ಣೆ ಹಚ್ಚುವ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಬ್ಬಿಣದವನ್ನು ಬೇರೆ ಡಬ್ಬಿಯಲ್ಲಿಡಿ. ಒಳಗೆ ಸಿಲಿಕಾ ಜೆಲ್ ಮತ್ತು ಮೀಟರ್. ತೇವ ಶೇಕಡ 40ರ ಕೆಳಗಿರಬೇಕು. ಕಿತ್ತಳೆ ಬಣ್ಣದ ಜೆಲ್ ತೆಗೆದುಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮನೆಯಲ್ಲಿ ಅದು ಬೇಡ. ಬಣ್ಣ ಬದಲಾದರೆ ಓವನ್ನಿನಲ್ಲಿ 110–120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ದಾಖಲೆಯ ಕೆಲಸ ಏನೆಂದರೆ, ವರ್ಷಕ್ಕೆ ಎರಡು ಸಲ ಪ್ರತಿ ಕಲ್ಲನ್ನೂ ನೋಡಿ ಪುಟದಲ್ಲಿ ಒಂದು ಸಾಲು ಬರೆಯುವುದು. ನಾನು ಮೇ ಕೊನೆಗೆ ಒಂದು ಸಲ, ಹುತ್ತರಿ ಕಳೆದ ಮೇಲೆ ಒಂದು ಸಲ ಮಾಡುತ್ತೇನೆ. ತಾರೀಕು, ತೂಕ, ‘ಎಡ ಅಂಚಿನಲ್ಲಿ ಹೊಸ ಕಂದು ಚುಕ್ಕೆ’ ಅಂತ ಏನಿದೆಯೋ ಅದು. ಎಣ್ಣೆ ಹಚ್ಚಿದರೆ ಯಾವ ಎಣ್ಣೆ, ಯಾವತ್ತು ಅಂತಲೂ ಬೇಕು. ಮುಂದೆ ಯಾರಾದರೂ ಪರೀಕ್ಷೆ ಮಾಡಿದಾಗ ‘ಇದರಲ್ಲಿ ಏನೋ ವಿಚಿತ್ರ ರಾಸಾಯನಿಕ ಇದೆ’ ಅಂತ ತಲೆ ಕೆಡಿಸಿಕೊಳ್ಳಬಾರದಲ್ಲ.

ಕಂಪ್ಯೂಟರ್ ಪ್ರತಿ

ರಿಜಿಸ್ಟರನ್ನು ಎಕ್ಸೆಲ್ಲಿಗೆ ಏರಿಸಿ. ಒಂದು ಕಲ್ಲಿಗೆ ಒಂದು ಸಾಲು, ಒಂದು ವಿವರಕ್ಕೆ ಒಂದು ಕಾಲಂ. ಕನ್ನಡವನ್ನು ಯೂನಿಕೋಡಿನಲ್ಲೇ ಬರೆಯಿರಿ. ಹಳೇ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಕಡತ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಬರೀ ಚಿತ್ತಾರ ಕಾಣಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಒಂದು ಊರ ಹೊರಗಿರುವ ನೆಂಟರ ಹತ್ತಿರ ಅಥವಾ ಇಂಟರ್ನೆಟ್ಟಿನಲ್ಲಿ. ಪ್ರತಿ ವರ್ಷ ಪ್ರಿಂಟ್ ಕೂಡ ತೆಗೆದಿಡಿ. ಗಾಳಿಮಳೆಗೆ ಮರ ಬಿದ್ದು ವಾರಗಟ್ಟಲೆ ಕರೆಂಟ್ ಇಲ್ಲದ ಕಾಲದಲ್ಲಿ ಓದಲು ಸಿಗುವುದು ಅದೊಂದೇ. ಕ್ಯೂಆರ್ ಕೋಡ್ ಅಂಟಿಸುವ ಉಮೇದು ಕೆಲವರಿಗೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಕೊಂಡಿ ಸತ್ತ ದಿನ ಅದು ಬರೀ ಚೌಕುಳಿ.

ಊರವರು ತಂದುಕೊಡುವ ಕಲ್ಲು

ನಿಮಗೆ ಈ ಹುಚ್ಚು ಇದೆ ಅಂತ ಗೊತ್ತಾದ ಮೇಲೆ ಕಲ್ಲು ಬರಲು ಶುರುವಾಗುತ್ತದೆ. ‘ಸಿಡಿಲು ಬಿದ್ದ ಜಾಗದಲ್ಲಿ ಸಿಕ್ಕಿತು ಮಾರಾಯ’ ಅಂತ ಹೇಳಿ ಕೊಡುತ್ತಾರೆ. ನನಗೆ ಈವರೆಗೆ ಬಂದದ್ದು ಬಹುತೇಕ ಮುರಕಲ್ಲಿನ ಗಟ್ಟಿ ಉಂಡೆ ಅಥವಾ ಹಳೇ ಕುಲುಮೆಯ ಕಬ್ಬಿಣದ ಕಿಟ್ಟ. ಕಿಟ್ಟದಲ್ಲಿ ಗುಳ್ಳೆ ಗುಳ್ಳೆ ತೂತು ಇರುತ್ತದೆ, ಉಲ್ಕಾಶಿಲೆಯಲ್ಲಿ ಅದು ತೀರಾ ಅಪರೂಪ. ಆದರೂ ಕೊಟ್ಟವರ ಎದುರು ಎಸೆಯಬೇಡಿ. ಇವಕ್ಕೆ ಬೇರೆಯೇ ಪುಸ್ತಕ, ನಂಬರಿನ ಮುಂದೆ ‘ಅ’, ಅಂದರೆ ಅನುಮಾನ. ಯಾರು, ಎಲ್ಲಿ, ಯಾವತ್ತು ಅಂತ ಬರೆದುಕೊಳ್ಳಿ. ಇವು ಮುಖ್ಯ ರಿಜಿಸ್ಟರಿಗೆ ಬರಬಾರದು.

ಉಲ್ಕಾಶಿಲೆಯೋ ಅಲ್ಲವೋ ಅಂತ ಬಲವಾದ ಮ್ಯಾಗ್ನೆಟ್ ತಾಗಿಸಿ ನೋಡುವ ಚಾಳಿ ಬಿಡಿ. ಕಲ್ಲಿನೊಳಗೆ ಕೋಟಿಗಟ್ಟಲೆ ವರ್ಷದಿಂದ ಉಳಿದ ಕಾಂತದ ಗುರುತು ಒಂದೇ ಸಲಕ್ಕೆ ಅಳಿಸುತ್ತದೆ. ನೋಡಲೇಬೇಕಾದರೆ ಸಣ್ಣ ಸಾದಾ ಮ್ಯಾಗ್ನೆಟ್ಟನ್ನು ದಾರಕ್ಕೆ ಕಟ್ಟಿ ಹತ್ತಿರ ಇಳಿಬಿಡಿ, ವಾಲಿದರೆ ಸಾಕು, ತಾಗುವುದು ಬೇಡ.

ನಿಜವಾಗಿಯೂ ಆಕಾಶದಿಂದ ಬಿದ್ದದ್ದನ್ನು ಯಾರಾದರೂ ಕಂಡಿದ್ದರೆ ಅದು ಸಂಗ್ರಹದ ಮಾತಲ್ಲ. ಮುಟ್ಟುವ ಮೊದಲು, ಬಿದ್ದ ಜಾಗದಲ್ಲೇ, ಸ್ಕೇಲು ಇಟ್ಟು ಫೋಟೋ ತೆಗೆಯಿರಿ. ಮೊಬೈಲಿನಲ್ಲಿ ಜಾಗದ ಗುರುತು ಹಾಕಿ. ಗಂಟೆ, ಕೇಳಿದ ಸದ್ದು, ಬಂದ ದಿಕ್ಕು, ಕಂಡವರ ಹೆಸರು, ಎಲ್ಲ ಅಲ್ಲೇ ಬರೆದುಕೊಳ್ಳಿ. ಮಳೆ ಬರುವಂತಿದ್ದರೆ ಕೈಗವಸು ಹಾಕಿ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ ಒಣ ಜಾಗಕ್ಕೆ ತನ್ನಿ. ತೊಳೆಯಬೇಡಿ. ಆಮೇಲೆ ತಹಶೀಲ್ದಾರರಿಗೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೂ ತಿಳಿಸಿ. ದೇಶದಲ್ಲಿ ಬಿದ್ದ ಕಲ್ಲುಗಳನ್ನು ಕಾಪಾಡುವ ಸಂಸ್ಥೆ ಅದೇ.

ಕೊಡುವಾಗ, ಬಿಡುವಾಗ

ಕಲ್ಲು ಮಾರಿದರೆ ಅಥವಾ ಬದಲಿಸಿಕೊಂಡರೆ ಹಳೇ ಚೀಟಿಗಳೆಲ್ಲ ಅದರ ಜತೆ ಹೋಗಬೇಕು, ನಿಮ್ಮದೂ ಸೇರಿ. ನಿಮ್ಮಲ್ಲಿ ಸ್ಕ್ಯಾನ್ ಮಾಡಿದ ಪ್ರತಿ ಉಳಿದರೆ ಸಾಕು. ರಿಜಿಸ್ಟರಿನಲ್ಲಿ ಯಾರಿಗೆ, ಯಾವತ್ತು ಅಂತ ಬರೆದು ಪುಟವನ್ನು ಹಾಗೇ ಬಿಡಿ. ಕೊಯ್ದು ಅರ್ಧ ಕೊಟ್ಟರೆ ಕೊಯ್ಯುವ ಮೊದಲಿನ ತೂಕ, ಆಮೇಲಿನ ಎರಡು ತುಂಡಿನ ತೂಕ, ಗರಗಸದಲ್ಲಿ ಪುಡಿಯಾಗಿ ಹೋದದ್ದು, ಮೂರೂ ಬರಲಿ.

ರಿಜಿಸ್ಟರಿನ ಮೊದಲ ಪುಟವನ್ನು ಮನೆಯವರಿಗೆ ಬಿಡಿ. ಈ ಕಲ್ಲುಗಳು ಏನು, ಯಾವ ಬೀರುವಿನಲ್ಲಿವೆ, ಜೆಲ್ ಯಾವಾಗ ಒಣಗಿಸಬೇಕು, ಬೇಡವಾದರೆ ಯಾರನ್ನು ಕೇಳಬೇಕು ಅಂತ ಹತ್ತು ಸಾಲು, ದೊಡ್ಡ ಅಕ್ಷರದಲ್ಲಿ. ನನ್ನ ಪುಸ್ತಕದ ಆ ಪುಟವನ್ನು ಚಿಕ್ಕಮ್ಮನ ಕೈಯಲ್ಲಿ ಓದಿಸಿದೆ. ಅವರು ಕೊನೆಗೆ ತಾವೇ ಒಂದು ಸಾಲು ಸೇರಿಸಿದರು: ‘ಬಿಸಿಲಿಗೆ ಹಾಕಿದರೆ ಒಂದೊಂದನ್ನು ಬೇರೆ ಬೇರೆ ಬಟ್ಟಲಲ್ಲಿ ಹಾಕುವುದು.’ 004 ಮತ್ತು 005ರ ಪುಟಗಳಲ್ಲಿ ಈಗಲೂ ಒಂದೇ ಮಾತಿದೆ: ‘ಇದು ಆ ಎರಡರಲ್ಲಿ ಒಂದು.’